ಕಿರುಚಿತ್ರದ ಮೊದಲ ಎರಡೂವರೆ ನಿಮಿಷ: ಊರಿನವರಿಗಾಗಿ ಕತ್ತರಿಸಲಾ, ಕಾಲೇಜಿನವರಿಗಾಗಿಯಾ?

ತೋಟದ ದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್‌ಗಾಗಿ ನಾಲ್ಕು ಜನ ಸೇರಿ 12 ನಿಮಿಷದ ಕಿರುಚಿತ್ರ ಮಾಡಿದ್ದೇವೆ. ಶೂಟಿಂಗ್ ಮುಗಿದಿದೆ, ಎಡಿಟಿಂಗ್ ನನ್ನ ಪಾಲಿಗೆ ಬಂದಿದೆ. ಶುರುವಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಕತೆ ಇದು. ಸಾಗರದ ಕಡೆಯ ಒಂದು ಮನೆ. ಕೊನೆಕೊಯ್ಲಿನ ಕಾಲ, ಅಂದರೆ ಅಡಿಕೆ ಗೊನೆ ಕೊಯ್ಯುವ ಹೊತ್ತು. ರಾತ್ರಿ ಊಟ ಮುಗಿಸಿ ಹೆಂಗಸರೆಲ್ಲ ಮೆಟ್ಟುಗತ್ತಿ (ಮಣೆಗೆ ಕೂಡಿಸಿದ ಕತ್ತಿ) ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಅವರಲ್ಲಿ ಒಬ್ಬ ತಾಯಿ, ಅವಳ ಮಗಳು. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು. ಅಲ್ಲಿ ಕೂತವರಿಗೆಲ್ಲ ಇದು ಗೊತ್ತು, ತಾಯಿಗೆ ಮಾತ್ರ ಗೊತ್ತಿಲ್ಲ. ಇಡೀ ಚಿತ್ರ ಆ ಒಂದು ರಾತ್ರಿಯದು.

ಈಗಿನ ಆರಂಭ 2 ನಿಮಿಷ 40 ಸೆಕೆಂಡ್ ಇದೆ. ಮೊದಲು ಮಂಜು ಕವಿದ ತೋಟದ ಡ್ರೋನ್ ಶಾಟ್, 38 ಸೆಕೆಂಡ್. ಅದರ ಮೇಲೆ ಹೆಸರುಗಳು ಬರುತ್ತವೆ. ಆಮೇಲೆ ಕೊನೆಗೌಡ (ಗೊನೆ ಕೊಯ್ಯುವವನು) ಮರ ಹತ್ತಿ ಕೊನೆ ಇಳಿಸುವುದು, ಅಂಗಳದಲ್ಲಿ ರಾಶಿ, ಹಂಡೆಯಲ್ಲಿ ಬೇಯುವ ಅಡಿಕೆ. ಹಿನ್ನೆಲೆಯಲ್ಲಿ ನನ್ನದೇ ದನಿ, ಅಡಿಕೆಯ ಬಗ್ಗೆ ವಿವರಣೆ. ಮಗಳ ಮುಖ ಮೊದಲ ಸಲ ಕಾಣುವುದು 2:25ಕ್ಕೆ. ಅವಳು ಹೊರಡುತ್ತಾಳೆ ಅಂತ ತಿಳಿಯುವುದು ನಾಲ್ಕನೇ ನಿಮಿಷದಲ್ಲಿ.

ಕ್ಲಾಸಿನ 15 ಜನರಿಗೆ ತೋರಿಸಿದೆ. ಒಂದು ನಿಮಿಷ ಆಗುವಷ್ಟರಲ್ಲಿ ಐದಾರು ಜನ ಮೊಬೈಲ್ ಹಿಡಿದಿದ್ದರು. ಅದೇ ಆರಂಭವನ್ನು ಅಜ್ಜಿ ಮನೆಯಲ್ಲಿ ತೋರಿಸಿದೆ. ಅಲ್ಲಿ ಎಲ್ಲರೂ ಖುಷಿಯಾಗಿ ನೋಡಿದರು, "ಅದು ನಮ್ಮ ಕೆಳಗಿನ ತೋಟ ಅಲ್ದಾ" ಅಂತ ತೋರಿಸಿಕೊಂಡರು. ಆದರೆ ಕತೆಯ ಬಗ್ಗೆ ಒಬ್ಬರೂ ಏನೂ ಕೇಳಲಿಲ್ಲ.

ನಮ್ಮ ಗೈಡ್ ಹೇಳುವುದು, ಹೊರಗಿನ ಪರೀಕ್ಷಕರಿಗೆ ಅಡಿಕೆ ಗೊತ್ತಿರುವುದಿಲ್ಲ, ವಿವರಣೆ ಇರಲಿ ಅಂತ. ಪ್ರದರ್ಶನ ಎರಡು ಕಡೆ ಇದೆ: ಕಾಲೇಜಿನಲ್ಲಿ ಒಂದು, ಊರಿನ ಹಾಲಿನ ಸೊಸೈಟಿ ಕಟ್ಟಡದಲ್ಲಿ ಒಂದು. ಎರಡು ಬೇರೆ ಆರಂಭ ಮಾಡಬೇಕಾ? ಡ್ರೋನ್ ಶಾಟ್ ಕೈಬಿಡಲು ನನಗೆ ಮನಸ್ಸೇ ಬರುತ್ತಿಲ್ಲ. ಅದಕ್ಕಾಗಿ ಗೆಳೆಯ ಎರಡು ದಿನ ಬೆಳಗ್ಗೆ ಐದಕ್ಕೆ ಎದ್ದಿದ್ದಾನೆ.

ಕಟ್ಟಿಂಗ್ ಟೇಬಲ್

ಎರಡು ಆರಂಭ ಬೇಡ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, ಆ ಸಾಲನ್ನು ಇನ್ನೊಮ್ಮೆ ಓದಿ: "ಅಲ್ಲಿ ಕೂತವರಿಗೆಲ್ಲ ಇದು ಗೊತ್ತು, ತಾಯಿಗೆ ಮಾತ್ರ ಗೊತ್ತಿಲ್ಲ." ನಾನು ಒಂಬತ್ತು ವರ್ಷದಿಂದ ಧಾರಾವಾಹಿ, ಕಿರುಚಿತ್ರ ಎಡಿಟ್ ಮಾಡುತ್ತಿದ್ದೇನೆ. ಇಷ್ಟು ಗಟ್ಟಿಯಾದ ಒಂದು ಸಾಲು ಕೈಗೆ ಸಿಗುವುದು ಅಪರೂಪ.

ನೋಡುವವರನ್ನೂ ಆ ಹೆಂಗಸರ ಜೊತೆ ಕೂರಿಸಿ. ಅಂದರೆ ಅವರಿಗೂ ಮೊದಲೇ ಗೊತ್ತಾಗಬೇಕು. ನಾಲ್ಕನೇ ನಿಮಿಷದವರೆಗೆ ಮುಚ್ಚಿಟ್ಟರೆ ಅಲ್ಲಿ ಒಂದು ಕ್ಷಣದ ಆಶ್ಚರ್ಯ ಸಿಗುತ್ತದೆ, ಅಷ್ಟೇ. ಮೊದಲ ನಿಮಿಷದಲ್ಲೇ ತಿಳಿದರೆ ಆಮೇಲಿನ ಪ್ರತಿ ಮಾತಿಗೂ ಭಾರ ಬರುತ್ತದೆ. ತಾಯಿ "ನಾಳೆ ಬೇಗ ಏಳು, ಇನ್ನೂ ನಾಲ್ಕು ಮೂಟೆ ಇದೆ" ಅಂದರೆ ಸಾಕು, ನೋಡುವವರಿಗೆ ಎದೆಯಲ್ಲಿ ಚುರ್ ಅನ್ನುತ್ತದೆ.

ನಿಮ್ಮ ಇಬ್ಬರು ಪ್ರೇಕ್ಷಕರಿಗೂ ವ್ಯತ್ಯಾಸ ಇರುವುದು ಅಡಿಕೆಯ ವಿಷಯದಲ್ಲಿ ಮಾತ್ರ. ಊರಿನವರಿಗೆ ಅದು ಗೊತ್ತು, ವಿವರಣೆ ಬೇಡ. ಪೇಟೆಯವರಿಗೆ ಗೊತ್ತಿಲ್ಲ, ಆದರೆ ಅವರಿಗೂ ಬೇಡ. ಕತ್ತಿಗೆ ಒತ್ತಿದ ಕಾಯಿ, ಬಿಚ್ಚಿದ ಸಿಪ್ಪೆ, ಬುಟ್ಟಿಗೆ ಬಿದ್ದ ಅಡಿಕೆ. ಇದನ್ನು ಹತ್ತು ಸೆಕೆಂಡ್ ಹತ್ತಿರದಿಂದ ನೋಡಿದವರಿಗೆ ಕೆಲಸ ಅರ್ಥವಾಗುತ್ತದೆ. ಮಗಳು ಏನನ್ನು ಬಚ್ಚಿಡುತ್ತಿದ್ದಾಳೆ ಅನ್ನುವ ಕುತೂಹಲ ಇಬ್ಬರಿಗೂ ಒಂದೇ. ಬ್ಯಾಗ್ ಬಚ್ಚಿಡುವ ಶಾಟ್ ಏನಾದರೂ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಶೂಟ್ ಮಾಡಿ.

ಇನ್ನು ಕೆಲಸದ ರೀತಿ. ಕಂಪ್ಯೂಟರ್ ಮುಚ್ಚಿಡಿ. ಒಂದೊಂದು ಶಾಟ್‌ಗೆ ಒಂದು ಚೀಟಿ ಮಾಡಿ. ಚೀಟಿಯಲ್ಲಿ ಶಾಟ್‌ನಲ್ಲಿ ಏನಿದೆ ಅಂತ ಬರೆಯಬೇಡಿ. ಆ ಶಾಟ್ ಮುಗಿದಾಗ ನೋಡುವವರಿಗೆ ಹೊಸದಾಗಿ ಏನು ತಿಳಿಯಿತು, ಅಥವಾ ಏನು ಕೇಳಬೇಕು ಅನಿಸಿತು ಅಂತ ಬರೆಯಿರಿ. ಡ್ರೋನ್ ಶಾಟ್‌ನ ಚೀಟಿಯಲ್ಲಿ "ತೋಟ ಇದೆ" ಅಂತ ಬರುತ್ತದೆ. ಅದಕ್ಕೆ ಮೂರು ಸೆಕೆಂಡ್ ಸಾಕು, ನೀವು 38 ಕೊಟ್ಟಿದ್ದೀರಿ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ನಿಮ್ಮ ಆರಂಭದಲ್ಲಿ 4,000 ಫ್ರೇಮ್ ಇವೆ. ಮಗಳ ಮುಖ ಬರುವುದು 3,625 ಫ್ರೇಮ್ ಕಳೆದ ಮೇಲೆ.

ಗೆಳೆಯನ ಶ್ರಮದ ಮಾತು ನನಗೆ ಅರ್ಥವಾಗುತ್ತದೆ. ಆ ನಷ್ಟ ನಿಜಕ್ಕೂ ನೋವು ಕೊಡುತ್ತದೆ. ಆದರೆ ಅವನು ಎದ್ದ ಹೊತ್ತು ಪರದೆಯ ಮೇಲೆ ಕಾಣುವುದಿಲ್ಲ. ಶಾಟ್ ಎಸೆಯಬೇಡಿ, ಪಕ್ಕಕ್ಕಿಡಿ. ಬೇರೆ ಜಾಗ ಸಿಗಬಹುದು.

ಜನರಿಗೆ ತೋರಿಸಿದಾಗ "ಹೇಗಿತ್ತು" ಅಂತ ಕೇಳಬೇಡಿ. ಎಲ್ಲರೂ "ಚೆನ್ನಾಗಿದೆ" ಅನ್ನುತ್ತಾರೆ. ಒಂದು ನಿಮಿಷಕ್ಕೆ ನಿಲ್ಲಿಸಿ, "ಇವರು ಯಾರು? ಮುಂದೆ ಏನಾಗಬಹುದು?" ಅಂತ ಕೇಳಿ. ಚಿತ್ರ ಓಡುವಾಗ ನೀವು ಪರದೆ ನೋಡಬೇಡಿ, ಅವರ ಮುಖ ನೋಡಿ. ಯಾವ ಸೆಕೆಂಡಿಗೆ ಕದಲಿದರು ಅಂತ ಗುರುತು ಹಾಕಿಕೊಳ್ಳಿ. ಐದಾರು ಜನ ಮೊಬೈಲ್ ಹಿಡಿದರು ಅಂತ ನೀವೇ ಗಮನಿಸಿದ್ದೀರಲ್ಲ, ನಿಮಗೆ ಬಂದ ನಿಜವಾದ ಅಭಿಪ್ರಾಯ ಅದೇ.

ಬೂಮ್ ಹಿಡಿದವನು

ನನ್ನದು ಸೌಂಡ್ ಕೆಲಸ. ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಚಿತ್ರವನ್ನು ಸದ್ದಿನಿಂದ ಶುರು ಮಾಡಿ. ಕಪ್ಪು ಪರದೆ, ನಾಲ್ಕೈದು ಸೆಕೆಂಡ್ ಸುಲಿಯುವ ಸದ್ದು ಮಾತ್ರ. ಅಡಿಕೆ ಊರಿನಲ್ಲಿ ಬೆಳೆದವರು ಕಣ್ಣು ಮುಚ್ಚಿ ಅದನ್ನು ಗುರುತಿಸುತ್ತಾರೆ. ಗೊತ್ತಿಲ್ಲದವರು ಇದೇನು ಅಂತ ಕಿವಿ ಕೊಡುತ್ತಾರೆ. ಆಮೇಲೆ ಚಿತ್ರ ಬರಲಿ. ಮುಂದಿನ ದೃಶ್ಯದ ಸದ್ದನ್ನು ಹೀಗೆ ಮೊದಲೇ ಕೇಳಿಸುವುದಕ್ಕೆ ನಾವು ಜೆ-ಕಟ್ ಅನ್ನುತ್ತೇವೆ.

ಹೆಂಗಸರು ಮಾತಾಡದೆ ಇದ್ದಾಗಿನ ಆ ಜಾಗದ ಸದ್ದು, ಅಂದರೆ ರೂಮ್ ಟೋನ್, ಬೇರೆಯಾಗಿ ರೆಕಾರ್ಡ್ ಮಾಡಿದ್ದೀರಾ? ಅರ್ಧ ನಿಮಿಷವಾದರೂ ಬೇಕು. ಅದಿಲ್ಲದಿದ್ದರೆ ಒಂದೊಂದು ಕಟ್‌ಗೂ ಜೀರುಂಡೆ ಸದ್ದು ಹಾರಿ ಹಾರಿ ಕೇಳುತ್ತದೆ.

ರೇಡಿಯೋದಲ್ಲಿ ಹಳೇ ಸಿನಿಮಾ ಹಾಡು ಹಾಕಿದ್ದರೆ ತೆಗೆಯಿರಿ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯ ನಂತರ 60 ವರ್ಷ ಇರುತ್ತದೆ. ಯೂಟ್ಯೂಬ್‌ಗೆ ಹಾಕಿದ ದಿನವೇ ತೊಂದರೆ ಶುರುವಾಗಬಹುದು.

ಊರೂರು ಪರದೆ

ಮಗಳೇ, ನಾನು ನಿವೃತ್ತ ಮೇಷ್ಟ್ರು. ಹಳ್ಳಿ ಶಾಲೆಗಳಲ್ಲಿ ಪರದೆ ಕಟ್ಟಿ ಚಿತ್ರ ತೋರಿಸುವ ಅಭ್ಯಾಸ ನನಗಿದೆ. ಸೊಸೈಟಿ ಕಟ್ಟಡ ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನದು ರಾತ್ರಿಯ ಚಿತ್ರ. ಲ್ಯಾಪ್‌ಟಾಪ್‌ನಲ್ಲಿ ಚೆಂದ ಕಾಣುವ ಕತ್ತಲು ಸಣ್ಣ ಪ್ರೊಜೆಕ್ಟರ್‌ನಲ್ಲಿ ಬರೀ ಬೂದಿ ಬಣ್ಣ ಆಗುತ್ತದೆ. ಕಿಟಕಿಯಿಂದ ಬೆಳಕು ಬಂದರಂತೂ ಮುಖವೇ ಕಾಣುವುದಿಲ್ಲ. ಪ್ರದರ್ಶನಕ್ಕೆ ಒಂದು ವಾರ ಮೊದಲು ಅದೇ ಜಾಗದಲ್ಲಿ, ಅದೇ ಪ್ರೊಜೆಕ್ಟರ್‌ನಲ್ಲಿ ಮೊದಲ ಎರಡು ನಿಮಿಷ ಹಾಕಿ ನೋಡು. ಹಿಂದಿನ ಸಾಲಿನಲ್ಲಿ ಕೂತು ನೋಡು.

ಹಿಂದೆ ಟೆಂಟ್ ಸಿನಿಮಾದಲ್ಲಿ ದೇವರ ಹಾಡು ಹಾಕುತ್ತಿದ್ದರು. ಅದು ಕೇಳಿದರೆ ಆಟ ಶುರುವಾಗುತ್ತೆ ಅಂತ ಜನ ಓಡಿ ಬರುತ್ತಿದ್ದರು. ನಮ್ಮ ಕಡೆ ಮೊದಲ ನಿಮಿಷ ಇವತ್ತಿಗೂ ಜಾಗ ಹುಡುಕುವುದರಲ್ಲೇ ಹೋಗುತ್ತದೆ. ಮಕ್ಕಳು ಮುಂದೆ ಬರಬೇಕು, ಚಾಪೆ ಸರಿಯಬೇಕು. ಚಿತ್ರಕ್ಕೆ ಮುಂಚೆ ನೀನೇ ಎದುರು ನಿಂತು ನಾಲ್ಕು ಮಾತಾಡು. ಎಲ್ಲರೂ ಕೂತ ಮೇಲೆ ಶುರು ಮಾಡು. ನಿನ್ನ ಆ ಕಪ್ಪು ಪರದೆಯ ಸದ್ದು ಆಗ ಕೇಳಿಸುತ್ತದೆ.

ಒತ್ತಕ್ಷರ

ಹೆಸರುಗಳ ಬಗ್ಗೆ ಒಂದು ಸಣ್ಣ ವಿಷಯ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಕನ್ನಡ ಹಾಕಿದರೆ ಕೆಲವು ಕಡೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತದೆ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಫಾಂಟ್ ಬಳಸಿ ಬರೆದು, ಹಿನ್ನೆಲೆ ಪಾರದರ್ಶಕ ಮಾಡಿ, ಪಿಎನ್‌ಜಿ ಚಿತ್ರವಾಗಿ ತಂದು ಹಾಕಿ. ನೋಟೋ ಸೆರಿಫ್ ಕನ್ನಡ ಅನ್ನುವ ಫಾಂಟ್ ದೊಡ್ಡ ಪರದೆಯಲ್ಲಿ ಚೆನ್ನಾಗಿ ಓದಿಸುತ್ತದೆ. ಹೆಸರನ್ನು ಗಟ್ಟಿಯಾಗಿ ಎರಡು ಸಲ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಪರದೆಯಲ್ಲಿರಲಿ.

ತೋಟದ ದಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳಬೇಕು ಅನಿಸಿತು.

ಚೀಟಿ ಮಾಡಿದೆ. ಆರಂಭದ 19 ಶಾಟ್‌ಗಳಲ್ಲಿ 11 ಚೀಟಿಯಲ್ಲಿ ಒಂದೇ ಮಾತು ಬಂತು: ಊರು ಚೆಂದ ಇದೆ. ಅದನ್ನು ನೋಡಿದ ಮೇಲೆ ಗೈಡ್ ಕೂಡ ವಿವರಣೆ ತೆಗೆಯಲು ಒಪ್ಪಿದರು.

ಬ್ಯಾಗ್ ಶಾಟ್ ಇತ್ತು! ಐದನೇ ನಿಮಿಷದಲ್ಲಿ, ಯಾರೂ ಗಮನಿಸದ ಜಾಗದಲ್ಲಿ. ಮಗಳು ಅಡಿಕೆ ಮೂಟೆಗಳ ಹಿಂದೆ ಬ್ಯಾಗ್ ತಳ್ಳಿ, ಮೇಲೆ ಗೋಣಿಚೀಲ ಎಳೆಯುತ್ತಾಳೆ. ಪಕ್ಕದ ಮನೆಯವಳು ಅದನ್ನು ನೋಡಿ ಸುಮ್ನೆ ತಲೆ ತಗ್ಗಿಸಿ ಸುಲಿಯುತ್ತಾಳೆ. ಈಗ ಅದು 30ನೇ ಸೆಕೆಂಡಿಗೆ ಬಂದಿದೆ. ಮೊದಲು ಕಪ್ಪು ಪರದೆ ಮತ್ತು ಸದ್ದು, ಆಮೇಲೆ ತಾಯಿಯ ಕೈ, ಆಮೇಲೆ ಬ್ಯಾಗ್. ಚಿತ್ರದ ಹೆಸರು ಅದಾದ ಮೇಲೆ. ಒಟ್ಟು 1 ನಿಮಿಷ 35 ಸೆಕೆಂಡ್.

ರೂಮ್ ಟೋನ್ ಬೇರೆಯಾಗಿ ತೆಗೆದಿರಲಿಲ್ಲ. ಈಗ ಕೊಯ್ಲು ಮುಗಿದಿದೆ, ಮತ್ತೆ ಹೋಗಿ ತೆಗೆಯುವಂತಿಲ್ಲ. ಎಲ್ಲ ಕ್ಲಿಪ್ ಕೇಳುತ್ತಾ ಹೋದೆ. ಒಂದು ಕಡೆ ಕ್ಯಾಮೆರಾ ನಿಲ್ಲಿಸಲು ಮರೆತಿದ್ದೆವು, ಎಲ್ಲರೂ ಚಹಾ ಬರಲಿ ಅಂತ ಸುಮ್ಮನೆ ಕೂತಿದ್ದರು. 40 ಸೆಕೆಂಡ್ ಸಿಕ್ಕಿತು. ಅದೇ ಈಗ ಇಡೀ ಚಿತ್ರದ ಕೆಳಗೆ ಹರಿಯುತ್ತಿದೆ.

ಮೊನ್ನೆ ಸೊಸೈಟಿ ಕಟ್ಟಡದಲ್ಲಿ ಹನ್ನೊಂದು ಜನರಿಗೆ ಹಾಕಿ ನೋಡಿದೆ. ಮೇಷ್ಟ್ರು ಹೇಳಿದ್ದು ನಿಜ, ತಾಯಿಯ ಮುಖ ಕತ್ತಲಲ್ಲಿ ಮುಳುಗಿತ್ತು. ಅದನ್ನು ಈಗ ಸರಿ ಮಾಡುತ್ತಿದ್ದೇನೆ. ಆದರೆ ಬ್ಯಾಗ್ ಕಂಡ ತಕ್ಷಣ ಹಿಂದಿನಿಂದ ನಮ್ಮ ದೊಡ್ಡಮ್ಮ ಜೋರಾಗಿ ಕೇಳಿದರು: "ಎಂತಕ್ಕೆ ಮುಚ್ಚಿಟ್ಲೇ ಅದು?" ಪಕ್ಕದವರು "ಶ್, ನೋಡು" ಅಂದರು. ಆಮೇಲೆ ಯಾರೂ ತೋಟದ ಬಗ್ಗೆ ಮಾತಾಡಲಿಲ್ಲ.

ಡ್ರೋನ್ ಶಾಟ್‌ನ ಆರು ಸೆಕೆಂಡ್ ಉಳಿದಿದೆ. ಕೊನೆಯಲ್ಲಿ ಬಸ್ಸು ಹೊರಟ ಮೇಲೆ, ಮಂಜಿನಲ್ಲಿ ತೋಟ. ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕತ್ತರಿಸಿದೆ. ಎಲ್ಲಿ ನಿಲ್ಲಿಸಬೇಕು ಅಂತ ಅವನೇ ಹೇಳಿದ.