ಬಾಯ್ಲರಿನ ಗ್ಲಾಸಿನಲ್ಲಿ ನೀರು ಕಾಣುತ್ತದೆ, ಆದರೂ ನೀರಿಲ್ಲವೆಂದು ಬರ್ನರ್ ನಿಲ್ಲುತ್ತದೆ: ಸುರಕ್ಷತಾ ಸ್ವಿಚ್ಚನ್ನು ಒಂದು ವಾರ ಡೈರೆಕ್ಟ್ ಮಾಡಬಹುದೇ?

ಪ್ರಶ್ನೆ: ರಬಕವಿ-ಬನಹಟ್ಟಿಯಿಂದ

ಮಾನ್ಯರೇ,

ನಮ್ಮದು ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ಗಂಟೆಗೆ 600 ಕಿಲೋ ಉಗಿ ಕೊಡುವ, ಡೀಸೆಲ್‌ನಿಂದ ಉರಿಯುವ, ಮೂರು ಪಾಸಿನ ಸ್ಮೋಕ್ ಟ್ಯೂಬ್ ಬಾಯ್ಲರ್ (ಬಿಸಿ ಹೊಗೆ ನೀರಿನ ನಡುವಿನ ಕೊಳವೆಗಳಲ್ಲಿ ಮೂರು ಸಲ ಹಾದುಹೋಗುವಂಥದ್ದು) ಇದೆ. 7 ಕಿಲೋ ಒತ್ತಡದಲ್ಲಿ (ಚದರ ಸೆಂಟಿಮೀಟರಿಗೆ) ಓಡಿಸುತ್ತೇವೆ. ಬಾಯ್ಲರಿಗೆ ನೀರು ತುಂಬುವ ಫೀಡ್ ಪಂಪನ್ನು ಶುರು ಮಾಡಿ ನಿಲ್ಲಿಸಲು ಒಂದು ಫ್ಲೋಟ್ ಇದೆ. ನೀರು ತೀರಾ ಕೆಳಗಿಳಿದರೆ ಬರ್ನರನ್ನು ಆರಿಸಲು ಬೇರೆಯೇ ಒಂದು ಎಲೆಕ್ಟ್ರೋಡ್ ಇದೆ. ಜ್ವಾಲೆ ಆರಿದರೆ ಡೀಸೆಲ್ ನಿಲ್ಲಿಸಲು ಫೋಟೋಸೆಲ್ ಇದೆ.

ಎರಡು ತಿಂಗಳಿಂದ ಒಂದು ತೊಂದರೆ ಕಾಡುತ್ತಿದೆ. ಬೆಳಿಗ್ಗೆ ಬಣ್ಣದ ತೊಟ್ಟಿಗಳಿಗೆ ಉಗಿ ಬಿಟ್ಟ ಹತ್ತು ಹದಿನೈದು ನಿಮಿಷಕ್ಕೆ ನೀರು ಕಡಿಮೆ ಎಂಬ ಕೆಂಪು ದೀಪ ಹತ್ತಿ ಬರ್ನರ್ ನಿಂತುಬಿಡುತ್ತದೆ. ಒಳಗಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್ ನೋಡಿದರೆ ನೀರು ಅರ್ಧಕ್ಕೇ ಇರುತ್ತದೆ. ಐದಾರು ನಿಮಿಷ ಬಿಟ್ಟು ಆಪರೇಟರ್ ರಿಸೆಟ್ ಒತ್ತಿದರೆ ಮತ್ತೆ ಉರಿಯುತ್ತದೆ. ಇದು ದಿನಕ್ಕೆ ಮೂರು ನಾಲ್ಕು ಸಲ ಆಗುತ್ತಿದೆ. ಫೀಡ್ ಪಂಪ್ ಮೊದಲಿಗಿಂತ ಹೆಚ್ಚು ಹೊತ್ತು ಓಡುತ್ತಿರುವಂತೆಯೂ ಕಾಣುತ್ತದೆ. ಇದಲ್ಲದೆ ಕೆಲವು ದಿನ ಮೊದಲ ಸಲ ಬರ್ನರ್ ಹತ್ತುವುದೇ ಇಲ್ಲ, ಎರಡನೆಯ ಸಲ ರಿಸೆಟ್ ಒತ್ತಿದಾಗ ಧಪ್ಪೆಂದು ಸದ್ದು ಮಾಡಿ ಹತ್ತುತ್ತದೆ.

ಬಂದು ನೋಡಿದ ಮೆಕ್ಯಾನಿಕ್, ನಮ್ಮ ಬೋರಿನ ಸವಳು ನೀರಿನಿಂದ ಎಲೆಕ್ಟ್ರೋಡಿಗೆ ಪದರು ಕಟ್ಟಿ ಅದು ಸುಳ್ಳು ಹೇಳುತ್ತಿದೆ, ಹೊಸದು ಬರುವವರೆಗೆ ಪ್ಯಾನೆಲ್‌ನಲ್ಲಿ ಒಂದು ವೈರ್ ಹಾಕಿ ಡೈರೆಕ್ಟ್ ಮಾಡಿಕೊಡುತ್ತೇನೆ, ಅಂದರೆ ಎಲೆಕ್ಟ್ರೋಡ್ ಏನು ಹೇಳಿದರೂ ಬರ್ನರ್ ಉರಿಯುವಂತೆ ಮಾಡುತ್ತೇನೆ ಎಂದರು. ದೀಪಾವಳಿಯ ಸೀರೆಗಳಿಗೆ ನೂಲು ಕೊಡಬೇಕಾದ ಹೊತ್ತು ಇದು. ಆಪರೇಟರ್ ಗ್ಲಾಸಿನ ಮುಂದೆಯೇ ಕುಳಿತು ನೋಡಿಕೊಂಡರೆ ಒಂದು ವಾರ ಹೀಗೆ ನಡೆಸಬಹುದೇ? ಸೇಫ್ಟಿ ವಾಲ್ವ್ ಮತ್ತು ತೀರಾ ಕಾದರೆ ಕರಗುವ ಫ್ಯೂಸಿಬಲ್ ಪ್ಲಗ್ ಹೇಗೂ ಇವೆಯಲ್ಲ, ಅವು ಸಾಲುವುದಿಲ್ಲವೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಬೆಳಗಾವಿಯಿಂದ

ದಯವಿಟ್ಟು ಆ ವೈರ್ ಹಾಕಿಸಬೇಡಿ. ಹಾಕಿಸಿದ್ದರೆ ಇವತ್ತೇ ತೆಗೆಸಿ. ಕಾರಣವನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ವಿವರಣೆಯಲ್ಲೇ ಎಲೆಕ್ಟ್ರೋಡಿನ ಪರವಾಗಿ ಎರಡು ಸಾಕ್ಷ್ಯಗಳಿವೆ.

ಎಲೆಕ್ಟ್ರೋಡ್ ಕೆಲಸ ಮಾಡುವುದು ನೀರಿನ ಮೂಲಕ ಸಣ್ಣ ವಿದ್ಯುತ್ತು ಹರಿಯುವುದರಿಂದ. ಸಲಾಕೆಯ ತುದಿ ನೀರಿನಲ್ಲಿದ್ದರೆ ಸರ್ಕ್ಯೂಟ್ ಪೂರ್ಣವಾಗಿ ರಿಲೇ ಹಿಡಿದಿರುತ್ತದೆ, ನೀರು ಇಳಿದರೆ ರಿಲೇ ಬಿಟ್ಟು ಬರ್ನರ್ ನಿಲ್ಲುತ್ತದೆ. ಸುಣ್ಣದ ಪದರು ಕಟ್ಟಿದರೆ ವಿದ್ಯುತ್ತಿನ ದಾರಿ ಮುಚ್ಚಿ, ನೀರಿದ್ದರೂ ಇಲ್ಲವೆಂದು ಅದು ಹೇಳಬಹುದು. ಈ ಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆದರೆ ಹಾಗೆ ಕಟ್ಟಿದ ಪದರು ಐದಾರು ನಿಮಿಷದಲ್ಲಿ ತಾನಾಗಿ ಕರಗಿ, ಮತ್ತೆ ಹತ್ತು ನಿಮಿಷದಲ್ಲಿ ಕಟ್ಟಿಕೊಳ್ಳುವುದಿಲ್ಲ. ಬರ್ನರ್ ನಿಂತಾಗ ಉಗಿ ಆಗುವುದು ಕಡಿಮೆಯಾಗುತ್ತದೆ, ಅಷ್ಟರಲ್ಲಿ ಪಂಪ್ ನೀರು ತುಂಬಿಸುತ್ತದೆ, ಆಗ ರಿಸೆಟ್ ಹಿಡಿಯುತ್ತದೆ. ತೊಟ್ಟಿಗಳಿಗೆ ಉಗಿ ಬಿಟ್ಟೊಡನೆ ತೊಂದರೆ ಬರುತ್ತಿರುವುದು ಮತ್ತು ಪಂಪ್ ಹೆಚ್ಚು ಹೊತ್ತು ಓಡುತ್ತಿರುವುದು ಇದರೊಡನೆ ಸರಿಯಾಗಿ ಹೊಂದುತ್ತವೆ. ನನ್ನ ಅಭಿಪ್ರಾಯದಲ್ಲಿ ನೀರು ನಿಜವಾಗಿಯೂ ಇಳಿಯುತ್ತಿದೆ, ಗ್ಲಾಸ್ ಸುಳ್ಳು ಹೇಳುತ್ತಿದೆ.

ಗ್ಲಾಸ್ ಹೇಗೆ ಸುಳ್ಳು ಹೇಳೀತು ಎಂದು ಕೇಳಬಹುದು. ಅದಕ್ಕೆ ಮೇಲೊಂದು ಉಗಿಯ ದಾರಿ, ಕೆಳಗೊಂದು ನೀರಿನ ದಾರಿ ಇರುತ್ತವೆ. ಕೆಳಗಿನ ದಾರಿ ಕಟ್ಟಿಕೊಂಡರೆ ಒಳಗೆ ಸಿಕ್ಕಿದ ನೀರು ಅಲ್ಲೇ ನಿಲ್ಲುತ್ತದೆ, ಮೇಲಿನಿಂದ ಬಂದ ಉಗಿ ತಣಿದು ಇನ್ನಷ್ಟು ಕೂಡಿಕೊಳ್ಳುತ್ತದೆ. ಮೇಲಿನ ದಾರಿ ಕಟ್ಟಿಕೊಂಡರೆ ಗ್ಲಾಸಿನೊಳಗಿನ ಉಗಿ ತಣಿದು ಒತ್ತಡ ಕಡಿಮೆಯಾಗಿ, ಕೆಳಗಿನಿಂದ ನೀರು ಮೇಲೇರುತ್ತದೆ. ಎರಡರಲ್ಲೂ ಇರುವುದಕ್ಕಿಂತ ಹೆಚ್ಚು ನೀರು ಕಾಣುತ್ತದೆ. ಆದ್ದರಿಂದ ಆಪರೇಟರ್ ಗ್ಲಾಸಿನ ಮುಂದೆ ಕುಳಿತು ಕಣ್ಣು ಮಿಟುಕಿಸದೆ ನೋಡಿದರೂ ಪ್ರಯೋಜನವಿಲ್ಲ.

ಮೊದಲು ಗ್ಲಾಸನ್ನು ಊದಿ, ಅಂದರೆ ಬಾಯ್ಲರಿನ ಒತ್ತಡದಿಂದಲೇ ಅದರ ದಾರಿಗಳನ್ನು ತೊಳೆದು ನೋಡಿ. ಮುಖಕ್ಕೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಕೆಳಗಿನ ಡ್ರೈನ್ ತೆರೆಯಿರಿ. ನೀರಿನ ದಾರಿಯ ನಲ್ಲಿಯನ್ನು (ಕಾಕ್) ಮುಚ್ಚಿದರೆ ಉಗಿ ಜೋರಾಗಿ ಬರಬೇಕು. ಅನಂತರ ಉಗಿಯ ಕಾಕ್ ಮುಚ್ಚಿ ನೀರಿನದನ್ನು ತೆರೆದರೆ ನೀರು ಜೋರಾಗಿ ನುಗ್ಗಬೇಕು. ಕೊನೆಗೆ ಎರಡೂ ಕಾಕ್ ತೆರೆದಿಟ್ಟು ಡ್ರೈನ್ ಮುಚ್ಚಿದಾಗ ನೀರು ಥಟ್ಟನೆ ಏರಿ ನಿಲ್ಲಬೇಕು. ಮೆಲ್ಲಮೆಲ್ಲನೆ ಏರಿದರೆ ದಾರಿ ಕಟ್ಟಿದೆ ಎಂದೇ ತಿಳಿಯಿರಿ. ಎರಡೂ ಗ್ಲಾಸುಗಳನ್ನು ಹೀಗೆ ಪರೀಕ್ಷಿಸಬೇಕು.

ಇನ್ನು ಸೇಫ್ಟಿ ವಾಲ್ವಿನ ಮಾತು. ಅದು ಒತ್ತಡ ಮಿತಿ ಮೀರಿದರೆ ಮಾತ್ರ ತೆರೆಯುತ್ತದೆ. ನೀರು ಇಳಿದು ಬೆಂಕಿಯ ಕೊಳವೆಯ ಮೇಲ್ಭಾಗ ಬರಿದಾದಾಗ ಒತ್ತಡ ನಿಮ್ಮ 7 ಕಿಲೋದಲ್ಲೇ ಇರಬಹುದು, ವಾಲ್ವ್ ಸುಮ್ಮನೇ ಕುಳಿತಿರುತ್ತದೆ. 7 ಕಿಲೋ ಒತ್ತಡದಲ್ಲಿ ನೀರು ಸುಮಾರು 170 ಡಿಗ್ರಿ ಇರುವುದರಿಂದ, ನೀರಿನಲ್ಲಿ ಮುಳುಗಿರುವ ಉಕ್ಕು ಅದಕ್ಕಿಂತ ಬಹಳ ಮೇಲೆ ಕಾಯುವುದಿಲ್ಲ. ಬರಿದಾದ ಉಕ್ಕಿಗೆ ಆ ತಂಪಿಲ್ಲ. 600 ಡಿಗ್ರಿಯ ಹೊತ್ತಿಗೆ ಉಕ್ಕಿನ ಬಲ ಅರ್ಧಕ್ಕೂ ಕಡಿಮೆಯಾಗುತ್ತದೆ, ಕೊಳವೆ ಮಾಮೂಲಿ ಒತ್ತಡಕ್ಕೇ ಒಳಕ್ಕೆ ಕುಸಿಯುತ್ತದೆ. ಆಮೇಲೆ ಹೊರಬೀಳುವ ಬಿಸಿನೀರು ಕ್ಷಣದಲ್ಲಿ ಉಗಿಯಾಗಿ ಹಿಗ್ಗುತ್ತದೆ. ಒಂದು ಲೀಟರ್ ನೀರು ಪೂರ್ತಿ ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಬೇಕು. ಫ್ಯೂಸಿಬಲ್ ಪ್ಲಗ್ ಕರಗಿದರೂ ಅದು ಒಲೆಯೊಳಗೆ ಉಗಿ ಬಿಟ್ಟು ಎಚ್ಚರಿಸುತ್ತದೆ ಅಷ್ಟೇ, ಡೀಸೆಲ್ ನಿಲ್ಲಿಸುವ ಕೆಲಸ ಅದರದಲ್ಲ. ಅದರ ಮೇಲೆ ಸುಣ್ಣದ ಪದರು ಕಟ್ಟಿದ್ದರೆ ಹೊತ್ತಿಗೆ ಸರಿಯಾಗಿ ಕರಗುತ್ತದೆಂಬ ಭರವಸೆಯೂ ಇಲ್ಲ. ನೀರು ಇಳಿದಾಗ ಇಂಧನವನ್ನೇ ನಿಲ್ಲಿಸುವುದು ಆ ಎಲೆಕ್ಟ್ರೋಡ್ ಒಂದೇ.

ಒಂದು ಎಚ್ಚರಿಕೆ. ಎಂದಾದರೂ ಎರಡೂ ಗ್ಲಾಸಿನಲ್ಲಿ ನೀರೇ ಕಾಣದೆ ಬರ್ನರ್ ಉರಿಯುತ್ತಿರುವುದು ಕಂಡರೆ, ಬರ್ನರ್ ಆರಿಸಿ, ಪಂಪನ್ನೂ ನಿಲ್ಲಿಸಿ, ಎಲ್ಲರನ್ನೂ ದೂರ ಕಳುಹಿಸಿ, ತಾನಾಗಿ ತಣಿಯಲು ಬಿಡಿ. ಗಾಬರಿಯಲ್ಲಿ ಕೆಂಪಗೆ ಕಾದ ಕೊಳವೆಯ ಮೇಲೆ ನೀರು ಬಿಡುವುದು ಅತ್ಯಂತ ಅಪಾಯಕಾರಿ.

ಉತ್ತರ 2: ಬೆಳಗಾವಿಯಿಂದ, ನಿವೃತ್ತ ಬಾಯ್ಲರ್ ಅಟೆಂಡೆಂಟ್

ಮೇಲಿನವರು ನೀರಿನ ವಿಷಯವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಿಮ್ಮ ಪತ್ರದಲ್ಲಿ ನನಗೆ ಅದಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಆ ಧಪ್ಪೆಂಬ ಸದ್ದು. ನೀವು ಅದನ್ನು ಕೊನೆಗೊಂದು ಮಾತಾಗಿ ಬರೆದಿದ್ದೀರಿ. ನಾನು ಅದನ್ನೇ ಮೊದಲು ಬರೆಯುತ್ತಿದ್ದೆ.

ಬರ್ನರ್ ಕಂಟ್ರೋಲರ್ ಮೊದಲು ಫ್ಯಾನ್ ಓಡಿಸಿ ಒಲೆಯೊಳಗಿನ ಹಳೆಯ ಗಾಳಿಯನ್ನೂ ಆವಿಯನ್ನೂ ಹೊರಗೆ ತಳ್ಳುತ್ತದೆ. ಅನಂತರ ಕಿಡಿ ಕೊಟ್ಟು, ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್ ವಾಲ್ವ್ ತೆರೆದು ಡೀಸೆಲ್ ಸಿಂಪಡಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಫೋಟೋಸೆಲ್‌ಗೆ ಜ್ವಾಲೆ ಕಾಣದಿದ್ದರೆ ವಾಲ್ವ್ ಮುಚ್ಚಿ ಲಾಕ್ಔಟ್ ಆಗುತ್ತದೆ, ರಿಸೆಟ್ ಒತ್ತುವವರೆಗೆ ಮತ್ತೆ ಹತ್ತುವುದಿಲ್ಲ. ರಿಸೆಟ್ ಗುಂಡಿಯನ್ನು ಕೈಯಿಂದಲೇ ಒತ್ತಬೇಕೆಂದು ಮಾಡಿರುವುದು ಉದ್ದೇಶಪೂರ್ವಕ. ಒಬ್ಬ ಮನುಷ್ಯ ಬಂದು, ಪೀಪ್ ಹೋಲ್‌ನಿಂದ ಒಳಗೆ ನೋಡಿ, ಕಾರಣ ಹುಡುಕಲಿ ಎಂಬುದಕ್ಕಾಗಿ. ಹತ್ತದೆ ಹೋದ ಪ್ರತಿ ಸಲವೂ ಆ ಕೆಲವು ಸೆಕೆಂಡುಗಳ ಡೀಸೆಲ್ ಒಲೆಯಲ್ಲೇ ಉಳಿಯುತ್ತದೆ. ಬಿಸಿ ಇಟ್ಟಿಗೆಯ ಮೇಲೆ ಅದು ಆವಿಯಾಗಿ ತುಂಬಿಕೊಳ್ಳುತ್ತದೆ. ಸೊಲೆನಾಯ್ಡ್ ಸರಿಯಾಗಿ ಕೂರದೆ ನಾಜಲ್‌ನಿಂದ ಹನಿ ಬೀಳುತ್ತಿದ್ದರೆ ಇನ್ನೂ ಕೆಟ್ಟದ್ದು. ಮುಂದಿನ ಕಿಡಿಗೆ ಅದೆಲ್ಲವೂ ಒಮ್ಮೆಲೇ ಹತ್ತಿಕೊಳ್ಳುತ್ತದೆ. ನಿಮ್ಮ ಧಪ್ಪೆಂಬ ಸದ್ದು ಅದರದೇ ಸಣ್ಣ ರೂಪ.

ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನಿದ್ದ ಒಂದು ಬಟ್ಟೆ ಸಂಸ್ಕರಣಾ ಘಟಕದಲ್ಲಿ ರಾತ್ರಿ ಪಾಳಿಯ ಹುಡುಗ ಹೀಗೆಯೇ ಒಂದರ ಹಿಂದೊಂದು ಐದು ಸಲ ರಿಸೆಟ್ ಒತ್ತಿದ. ಐದನೆಯ ಸಲಕ್ಕೆ ಹಿಂದಿನ ಬಾಗಿಲು ಬೋಲ್ಟು ಸಹಿತ ಕಿತ್ತು ಹತ್ತು ಅಡಿ ದೂರ ಬಿತ್ತು. ಅವನು ಮುಂದೆ ನಿಂತಿದ್ದ, ಬರ್ನರಿನ ಕಡೆಯಿಂದ ಬಂದ ಜ್ವಾಲೆಗೆ ಅವನ ಎರಡೂ ಮುಂಗೈ ಮತ್ತು ಮುಖ ಸುಟ್ಟವು. ಬದುಕಿದ, ಆದರೆ ಬೆರಳುಗಳು ಮೊದಲಿನಂತೆ ಮಡಚಲಿಲ್ಲ. ಸಂಜೆ ಪಾಳಿ ಮುಗಿಸಿ ಹೋಗುವಾಗ ಅವನಿಗೆ ನಾನೇ ಹೇಳಿದ್ದೆ: ಹತ್ತದಿದ್ದರೆ ಇನ್ನೊಮ್ಮೆ ಒತ್ತು ಎಂದು. ಆ ಮಾತನ್ನು ಇಂದಿಗೂ ಮರೆತಿಲ್ಲ. ಅಂದಿನಿಂದ ನನ್ನ ಕೈಕೆಳಗೆ ಕಲಿತ ಪ್ರತಿಯೊಬ್ಬನಿಗೂ ಒಂದೇ ಮಾತು ಹೇಳಿದ್ದೇನೆ: ಫ್ಯಾನ್ ಪೂರ್ತಿ ಓಡಿದ ಮೇಲೆ ಒಂದು ಸಲ ರಿಸೆಟ್, ಮತ್ತೆ ಲಾಕ್ಔಟ್ ಆದರೆ ಎಣ್ಣೆಯ ವಾಲ್ವ್ ಮುಚ್ಚಿ ಕಾರಣ ಹುಡುಕು.

ಕಾರಣಗಳು ಸಾಮಾನ್ಯವಾಗಿ ಸಣ್ಣವೇ. ಕಿಡಿ ಕೊಡುವ ಎಲೆಕ್ಟ್ರೋಡುಗಳ ಅಂತರ ಹೆಚ್ಚು ಕಡಿಮೆಯಾಗಿರುತ್ತದೆ, ಅದರ ಪಿಂಗಾಣಿ ಬಿರುಕು ಬಿಟ್ಟಿರುತ್ತದೆ, ನಾಜಲ್‌ಗೆ ಇಂಗಾಲ ಹಿಡಿದಿರುತ್ತದೆ, ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರಿರುತ್ತದೆ, ಇಲ್ಲವೇ ಫೋಟೋಸೆಲ್‌ನ ಗಾಜಿಗೆ ಮಸಿ ಹಿಡಿದಿರುತ್ತದೆ. ಫೋಟೋಸೆಲ್ ಪರೀಕ್ಷೆ ಸುಲಭ: ಜ್ವಾಲೆ ಉರಿಯುತ್ತಿರುವಾಗ ಅದನ್ನು ಹೊರಗೆಳೆದು ಅಂಗೈಯಿಂದ ಮುಚ್ಚಿ. ಕ್ಷಣದಲ್ಲಿ ಡೀಸೆಲ್ ನಿಲ್ಲಬೇಕು. ನಿಲ್ಲದಿದ್ದರೆ ಆ ಬರ್ನರನ್ನು ದುರಸ್ತಿಯಾಗುವವರೆಗೆ ಮುಟ್ಟಬೇಡಿ. ಬೆಳಕಿಗೆ ಕೆಲಸ ಮಾಡುವ ಮಾಮೂಲಿ ಫೋಟೋಸೆಲ್ ಕೆಂಪಗೆ ಕಾದ ಇಟ್ಟಿಗೆಯನ್ನೂ ಜ್ವಾಲೆಯೆಂದು ಭಾವಿಸಬಹುದು, ಹಾಗಾಗಿ ಅದು ಕೂರುವ ಕೋನವನ್ನೂ ನೋಡಿಸಿ.

ಉತ್ತರ 3: ವಿಜಯಪುರದಿಂದ

ಒಂದು ಸಣ್ಣ ಸೇರ್ಪಡೆ, ಏಕೆಂದರೆ ಇದನ್ನು ಓದುವ ಹಲವರ ಬಳಿ ಕಾಯಿಲ್ ಬಾಯ್ಲರ್ ಇರಬಹುದು. ನಮ್ಮಲ್ಲಿ ಇರುವುದೂ ಅದೇ. ಅದರಲ್ಲಿ ಗೇಜ್ ಗ್ಲಾಸಿಲ್ಲ, ನೀರಿನ ಮಟ್ಟವೆಂಬುದೇ ಇಲ್ಲ. ಪಂಪ್ ತಳ್ಳಿದ ನೀರು ಕೊಳವೆಯ ಸುರುಳಿಯಲ್ಲಿ ಹರಿಯುತ್ತಲೇ ಉಗಿಯಾಗುತ್ತದೆ. ಪಂಪ್ ನಿಂತರೆ ಬರ್ನರ್ ನಿಲ್ಲಬೇಕಾದ ಇಂಟರ್‌ಲಾಕ್ ಮತ್ತು ಬಿಸಿ ಮಿತಿ ಮೀರಿದರೆ ನಿಲ್ಲಿಸುವ ಥರ್ಮೋಸ್ಟಾಟ್‌ಗಳೇ ಅಲ್ಲಿ ಆ ಎಲೆಕ್ಟ್ರೋಡಿನ ಸ್ಥಾನದಲ್ಲಿರುತ್ತವೆ. ಈ ಬಾಯ್ಲರುಗಳು 25 ಲೀಟರಿಗಿಂತ ಕಡಿಮೆ ನೀರು ಹಿಡಿಯುವಂತೆ ಇದ್ದರೆ ಬಾಯ್ಲರ್ ಕಾಯ್ದೆಯ ತಪಾಸಣೆಯಿಂದ ಹೊರಗುಳಿಯುತ್ತವೆ. ಅದರರ್ಥ ಅಪಾಯವಿಲ್ಲವೆಂದಲ್ಲ, ನೋಡಿಕೊಳ್ಳುವವರು ನಾವು ಮಾತ್ರ ಎಂದು.

ಪ್ರಶ್ನೆ ಕೇಳಿದವರ ಬಾಯ್ಲರ್ ತಪಾಸಣೆಗೆ ಒಳಪಟ್ಟದ್ದು. 1923ರ ಕಾಯ್ದೆಯ ಜಾಗದಲ್ಲಿ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಪ್ರಮಾಣಪತ್ರ ನಿಮ್ಮ ಗೋಡೆಯ ಮೇಲಿದ್ದರೂ, ಅದು ತಪಾಸಣೆಯ ದಿನದ ಸ್ಥಿತಿಗೆ ಕೊಟ್ಟದ್ದು. ಪ್ಯಾನೆಲ್‌ನಲ್ಲಿ ವೈರ್ ಹಾಕಿದ ಬಾಯ್ಲರಿಗೆ ಯಾರೂ ಅದನ್ನು ಕೊಟ್ಟಿಲ್ಲ.

ಪ್ರಶ್ನೆ ಕೇಳಿದವರಿಂದ: ನಾಲ್ಕು ದಿನದ ನಂತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವೈರ್ ಹಾಕಿಸಲಿಲ್ಲ. ಬೆಳಗಾವಿಯಿಂದ ಮೊದಲು ಬರೆದವರು ಹೇಳಿದಂತೆ ಗ್ಲಾಸುಗಳನ್ನು ಊದಿ ನೋಡಿದೆವು. ಎಡಗಡೆಯ ಗ್ಲಾಸಿನ ನೀರಿನ ಕಾಕ್ ತೆರೆದಾಗ ತೊಟ್ಟಿಕ್ಕಿದಂತೆ ನೀರು ಬಂತು. ಬಲಗಡೆಯದನ್ನು ಹಿಂದೊಮ್ಮೆ ಪ್ಯಾಕಿಂಗ್ ಸೋರುತ್ತಿದೆಯೆಂದು ಆಪರೇಟರ್ ಮುಚ್ಚಿಯೇ ಇಟ್ಟಿದ್ದನಂತೆ, ಅದು ನನಗೆ ತಿಳಿದೇ ಇರಲಿಲ್ಲ. ಬಾಯ್ಲರ್ ತಣಿಸಿ ಬಿಚ್ಚಿದಾಗ ಎಡಗಡೆಯ ಕಾಕಿನ ರಂಧ್ರದಲ್ಲಿ ಸೂಜಿ ಹೋಗುವಷ್ಟು ಮಾತ್ರ ದಾರಿ ಉಳಿದಿತ್ತು. ಫೀಡ್ ಪಂಪಿನ ಸ್ಟ್ರೈನರ್ (ನೀರು ಸೋಸುವ ಜಾಲರಿ) ಮುಕ್ಕಾಲು ಭಾಗ ಕೆಸರಿನಿಂದ ಮುಚ್ಚಿತ್ತು. ಎಲೆಕ್ಟ್ರೋಡನ್ನೂ ತೆಗೆದು ನೋಡಿದೆವು, ತೆಳುವಾದ ಪದರಿತ್ತು, ಒರೆಸಿದೊಡನೆ ಹೋಯಿತು. ಎರಡು ತಿಂಗಳಿಂದ ಅದು ನಿಜವನ್ನೇ ಹೇಳುತ್ತಿತ್ತು, ನಾವು ಅದನ್ನೇ ಬಾಯಿ ಮುಚ್ಚಿಸಲು ಹೊರಟಿದ್ದೆವು. ಗ್ಲಾಸ್ ನಂಬಿ ವೈರ್ ಹಾಕಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಎರಡು ರಾತ್ರಿ ನಿದ್ದೆ ಬಂದಿಲ್ಲ, ಏಕೆಂದರೆ ನಮ್ಮ ಬಾಯ್ಲರ್ ಮನೆಯ ಗೋಡೆಯಾಚೆಗೇ ನೂಲು ಸುತ್ತುವ ಹೆಣ್ಣುಮಕ್ಕಳು ಕೂರುತ್ತಾರೆ.

ಬರ್ನರಿನಲ್ಲಿ ನಾಜಲ್ ಬದಲಿಸಿ ಕಿಡಿಯ ಅಂತರ ಸರಿ ಮಾಡಿಸಿದೆವು. ಮೂರು ದಿನದಿಂದ ಆ ಸದ್ದಿಲ್ಲ. ಸೊಲೆನಾಯ್ಡ್ ಸ್ವಲ್ಪ ಹನಿಸುತ್ತಿದೆಯೆಂಬ ಅನುಮಾನವಿರುವುದರಿಂದ ಬೆಳಗಾವಿಯ ಉದ್ಯಮಬಾಗಿನಿಂದ ಹೊಸದನ್ನು ತರಿಸುತ್ತಿದ್ದೇವೆ. ಅಲ್ಲಿಯವರೆಗೆ ರಾತ್ರಿ ಬರ್ನರ್ ನಿಲ್ಲಿಸಿದ ಮೇಲೆ ಎಣ್ಣೆಯ ಕೈವಾಲ್ವನ್ನೂ ಮುಚ್ಚುತ್ತೇವೆ.

ಒಂದು ಪ್ರಶ್ನೆ ಉಳಿದಿದೆ. ಎಲೆಕ್ಟ್ರೋಡ್ ಸರಿಯಿದೆಯೆಂದು ದಿನವೂ ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ 4: ಬೆಳಗಾವಿಯಿಂದ, ಮೊದಲು ಬರೆದವರು

ಬಲಗಡೆಯ ಗ್ಲಾಸಿನ ಪ್ಯಾಕಿಂಗ್ ಹಾಕಿಸಿ ತೆರೆದಿಡುವುದೇ ಇಂದಿನ ಮೊದಲ ಕೆಲಸವಾಗಲಿ.

ಪ್ರತಿ ಪಾಳಿಯ ಆರಂಭದಲ್ಲಿ ಗ್ಲಾಸ್ ಊದುವುದರ ಜೊತೆಗೆ ಫ್ಲೋಟ್ ಚೇಂಬರಿನ ಡ್ರೈನನ್ನೂ ಒಮ್ಮೆ ತೆರೆಯಬೇಕು. ಚೇಂಬರಿನಲ್ಲಿ ಕೆಸರು ತುಂಬಿದರೆ ಫ್ಲೋಟ್ ಕೆಳಗಿಳಿಯಲಾರದು, ಆಗ ನೀರಿಲ್ಲದಿದ್ದರೂ ಇದೆಯೆಂದೇ ಹೇಳುತ್ತದೆ. ಎಲೆಕ್ಟ್ರೋಡಿಗೂ ಅಂಥ ಅಪಾಯವಿದೆ: ಅದರ ಮೇಲ್ಭಾಗದ ಇನ್ಸುಲೇಟರ್ ಮೇಲೆ ಉಪ್ಪಿನ ಹೊಲಸು ಕೂತರೆ ವಿದ್ಯುತ್ತು ಅಲ್ಲಿಂದಲೇ ಹರಿದು ನೀರಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಬಾಯ್ಲರ್ ತಣ್ಣಗಿರುವಾಗಲೆಲ್ಲ ಅದನ್ನು ಒರೆಸಿ.

ಆದರೆ ಚೇಂಬರ್ ಒಮ್ಮೆಲೇ ಖಾಲಿ ಮಾಡುವ ಪರೀಕ್ಷೆ ಪೂರ್ಣವಲ್ಲ. ಬಾಯ್ಲರೊಳಗಿನ ನೀರು ನಿಧಾನವಾಗಿ ಇಳಿಯುವಾಗಲೂ ಬರ್ನರ್ ನಿಲ್ಲುತ್ತದೆಯೇ ಎಂದು ನೋಡಬೇಕು. ಎರಡೂ ಗ್ಲಾಸ್ ಸರಿಯಿವೆಯೆಂದು ಖಚಿತವಾದ ಮೇಲೆ, ತೊಟ್ಟಿಗಳ ಉಗಿ ಮುಚ್ಚಿ, ಬರ್ನರ್ ಸಣ್ಣ ಉರಿಯಲ್ಲಿರುವಾಗ ಫೀಡ್ ಪಂಪ್ ನಿಲ್ಲಿಸಿ, ಬಾಯ್ಲರಿನ ನೀರು ಹೊರಬಿಡುವ ಬ್ಲೋಡೌನ್ ವಾಲ್ವ್ ಸ್ವಲ್ಪ ಸ್ವಲ್ಪ ತೆರೆಯುತ್ತ ಹೋಗಿ. ಒಬ್ಬರ ಕಣ್ಣು ಗ್ಲಾಸಿನ ಮೇಲೆ, ಒಬ್ಬರ ಕೈ ಬರ್ನರ್ ಸ್ವಿಚ್ಚಿನ ಮೇಲೆ ಇರಬೇಕು. ನೀರು ಗ್ಲಾಸಿನ ಕೆಳತುದಿ ಬಿಡುವ ಮೊದಲೇ ಬರ್ನರ್ ತಾನಾಗಿ ಆರಬೇಕು. ಆರದಿದ್ದರೆ ಕೈಯಿಂದ ಆರಿಸಿ, ದುರಸ್ತಿಯಾಗುವವರೆಗೆ ಹಚ್ಚಬೇಡಿ. ತಿಂಗಳಿಗೊಮ್ಮೆಯಾದರೂ ಇದನ್ನು ಮಾಡಿ, ಬರ್ನರ್ ನಿಂತಾಗ ನೀರು ಎಷ್ಟಿತ್ತೆಂದು ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡಿ. ಪ್ರತಿ ತಿಂಗಳೂ ಆ ಗುರುತು ಕೆಳಗೆ ಸರಿಯುತ್ತಿದ್ದರೆ ಎಲೆಕ್ಟ್ರೋಡಿನ ಕಡೆ ಗಮನ ಕೊಡುವ ಹೊತ್ತು ಬಂದಿದೆ ಎಂದರ್ಥ.

ನಿಮ್ಮ ಸವಳು ನೀರಿಗೆ ಸುಣ್ಣದಂಶ ತೆಗೆಯುವ ಸಾಫ್ಟನರ್ ಇದೆಯೇ, ಅದಕ್ಕೆ ಉಪ್ಪು ಹಾಕಿ ಎಷ್ಟು ದಿನವಾಯಿತು ಎಂಬುದನ್ನೂ ನೋಡಿ. ಆ ಕಾಕಿನ ರಂಧ್ರ ಕಟ್ಟಿದ್ದು ಅದೇ ನೀರಿನಿಂದ, ಮತ್ತು ಬೆಂಕಿಯ ಕೊಳವೆಯ ಮೇಲೂ ಅದೇ ನೀರು ಇದೆ.