ಕ್ಯಾತಿಟರ್ ಹಾಕಿ 16 ದಿನ, ಕಲ್ಚರ್‌ನಲ್ಲಿ ಇ.ಕೋಲಿ: ಆಂಟಿಬಯಾಟಿಕ್ ಬೇಕೇ?

ತುಂಗೆತೀರ:
ರೋಗಿಗೆ 78 ವರ್ಷ, ಸೊಂಟದ ಮೂಳೆ ಆಪರೇಷನ್ ಆಗಿದೆ. ಆಸ್ಪತ್ರೆಯಿಂದ ಹಿರಿಯರ ಆರೈಕೆ ಕೇಂದ್ರಕ್ಕೆ ಬಂದಿದ್ದಾರೆ, ಕ್ಯಾತಿಟರ್ (ಮೂತ್ರಕೋಶಕ್ಕೆ ಹಾಕಿದ ಟ್ಯೂಬ್) ಹಾಗೇ ಇದೆ. ಮೂತ್ರ ಮಬ್ಬು, ವಾಸನೆ ಜಾಸ್ತಿ. ಜ್ವರವಿಲ್ಲ. ಮೂತ್ರದ ಬ್ಯಾಗಿನಿಂದ ತೆಗೆದ ಸ್ಯಾಂಪಲ್‌ನ ಕಲ್ಚರ್‌ನಲ್ಲಿ (ಲ್ಯಾಬಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಇ.ಕೋಲಿ ಅನ್ನುವ ಬ್ಯಾಕ್ಟೀರಿಯಾ ಬಂದಿದೆ. ಔಷಧ ಶುರು ಮಾಡಿಸಬೇಕೇ?

ವಾರ್ಡ್‌ಸಿಸ್ಟರ್:
ಔಷಧದ ಮಾತು ಆಮೇಲೆ. ಕ್ಯಾತಿಟರ್ ಇನ್ನೂ ಯಾಕಿದೆ ಅಂತ ಡಾಕ್ಟರನ್ನು ಕೇಳಿ. ಅದು ಒಳಗಿರುವ ಪ್ರತಿ ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಶೇ. 3ರಿಂದ 7, ತಿಂಗಳು ದಾಟಿದರೆ ಹೆಚ್ಚುಕಮ್ಮಿ ಎಲ್ಲರಲ್ಲೂ ಇರುತ್ತದೆ. ಬಟ್ಟೆ ಒದ್ದೆಯಾಗುತ್ತದೆ ಅನ್ನುವುದು ಕ್ಯಾತಿಟರ್ ಒಳಗೇ ಇಡಲು ಕಾರಣವಲ್ಲ, ಡಯಾಪರ್ ಸಾಕು. ಬೆಳಿಗ್ಗೆ ಬೇಗ ತೆಗೆಸಿ. 4-6 ಗಂಟೆಯಲ್ಲಿ ಮೂತ್ರ ಹೋಗದಿದ್ದರೆ ಹಗಲಲ್ಲೇ ಗೊತ್ತಾಗುತ್ತದೆ. ತೆಗೆಯುವ ಮುಂಚೆ ಟ್ಯೂಬ್ ಕ್ಲಾಂಪ್ ಮಾಡಿ (ಬಿಗಿದು ಮುಚ್ಚಿ) ಮೂತ್ರಕೋಶಕ್ಕೆ 'ಅಭ್ಯಾಸ' ಮಾಡಿಸುವುದು ಹಳೇ ರೂಢಿ, ಬೇಕಿಲ್ಲ.

ಇರುವಷ್ಟು ದಿನ ಬ್ಯಾಗ್ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗಬಾರದು. ಎಡವಟ್ಟಾಗುವುದು ಸಾಗಿಸುವಾಗ: ವೀಲ್‌ಚೇರ್‌ನಲ್ಲಿ ಬ್ಯಾಗನ್ನು ಮಡಿಲ ಮೇಲಿಡುತ್ತಾರೆ, ನಿಂತ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ನಲ್ಲಿಯ ಮೂತಿ ಜಗ್‌ಗೆ ತಾಗದಿರಲಿ. ಒಂದೇ ಜಗ್ ಇಡೀ ವಾರ್ಡಿಗೆ ಸುತ್ತುವುದೇ ಸೋಂಕು ಹರಡುವ ದಾರಿ. ಟ್ಯೂಬ್ ಮತ್ತು ಬ್ಯಾಗ್ ಕೂಡುವ ಜಾಗ ಬಿಚ್ಚಬೇಡಿ. ಟ್ಯೂಬನ್ನು ಅಂಟುಪಟ್ಟಿಯಿಂದ ತೊಡೆಗೆ ಅಂಟಿಸಿ ಜಗ್ಗದಂತೆ ನೋಡಿಕೊಳ್ಳಿ. ದಿನಾ ಸೋಪು-ನೀರಲ್ಲಿ ತೊಳೆದರೆ ಸಾಕು, ಡೆಟಾಲ್ ಬೇಡ. ಗಂಡಸರಾದರೆ ತೊಳೆದ ಮೇಲೆ ಮುಂದೊಗಲನ್ನು ಮತ್ತೆ ಮುಂದಕ್ಕೆ ತರಲೇಬೇಕು, ಮರೆತರೆ ಊದಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ.

ಲ್ಯಾಬ್‌ಮನುಷ್ಯ:
ಬ್ಯಾಗಿನ ಸ್ಯಾಂಪಲ್ ಲೆಕ್ಕಕ್ಕಿಲ್ಲ, ಬ್ಯಾಗಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ. ಎರಡು ವಾರ ದಾಟಿದ ಕ್ಯಾತಿಟರ್‌ನ ಒಳಗೋಡೆಗೆ ಪಾಚಿಯಂಥ ಪದರ ಅಂಟಿರುತ್ತದೆ. ಸ್ಯಾಂಪಲ್ ಬೇಕೇ ಬೇಕಾದರೆ ಹೊಸದು ಹಾಕಿ, ಅದರಿಂದ ತೆಗೆಯಬೇಕು.

ಮಬ್ಬು, ವಾಸನೆ, ಕಲ್ಚರ್ ಪಾಸಿಟಿವ್, ಇಷ್ಟಕ್ಕೇ ಆಂಟಿಬಯಾಟಿಕ್ ಕೊಡುವುದಿಲ್ಲ. ಆದರೆ 'ಜ್ವರವಿಲ್ಲ' ಅನ್ನುವುದನ್ನು ಎರಡು ಸಲ ನೋಡಿ: ವಯಸ್ಸಾದವರಲ್ಲಿ 37.8 ಡಿಗ್ರಿ ಸೆಲ್ಸಿಯಸ್ ದಾಟಿದರೂ, ಅವರ ಮಾಮೂಲಿಗಿಂತ 1.1 ಏರಿದರೂ ಜ್ವರವೇ. ನಡುಕ, ಪಕ್ಕೆನೋವು, ಬಿಪಿ ಇಳಿತ ಕಂಡರೆ ತಕ್ಷಣ ಆಸ್ಪತ್ರೆಗೆ. ಬರೀ ಗೊಂದಲ, ಬಡಬಡಿಕೆ ಇದ್ದರೆ ನೀರು ಕಮ್ಮಿಯಾಗಿದೆಯೇ, ಮಲ ಕಟ್ಟಿದೆಯೇ, ಹೊಸ ನಿದ್ದೆಮಾತ್ರೆ ಸೇರಿದೆಯೇ ಅಂತ ಮೊದಲು ನೋಡಬೇಕು.

ಔಷಧಿಅಂಗಡಿ:
ಸುಮ್ಮನೆ ಕೋರ್ಸ್ ಕೊಡಿಸಿದರೆ ಕರುಳಿನ ಒಳ್ಳೇ ಬ್ಯಾಕ್ಟೀರಿಯಾ ಸತ್ತು ಸಿ. ಡಿಫಿಸಿಲ್ ಅನ್ನುವ, ಭೇದಿ ತರುವ ಬ್ಯಾಕ್ಟೀರಿಯಾ ಎದ್ದೇಳಬಹುದು. ಔಷಧ ಮುಗಿದ ಮೇಲೂ ಬರಬಹುದು. 24 ಗಂಟೆಯಲ್ಲಿ ಮೂರು ಸಲ ನೀರಾಗಿ ಭೇದಿಯಾದರೆ ತಿಳಿಸಿ. ಡಾಕ್ಟರನ್ನು ಕೇಳದೆ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಬೇಡ. ಈ ಬ್ಯಾಕ್ಟೀರಿಯಾದ ಬೀಜಾಣು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ, ಸೋಪು ಹಾಕಿ ಹರಿವ ನೀರಲ್ಲಿ ಕೈ ತೊಳೆಯಬೇಕು. ಕಮೋಡ್, ಮಂಚದ ಕಂಬಿಗೆ ಬ್ಲೀಚ್ ದ್ರಾವಣ.

ತುಂಗೆತೀರ:
ಸಿಸ್ಟರ್, ಕ್ಯಾತಿಟರ್ ಒಳಗೇ ಇಟ್ಟ ಕಾರಣ ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದೇ ಇಲ್ಲ.

ವಾರ್ಡ್‌ಸಿಸ್ಟರ್:
ಹಾಗಾದರೆ ನಾಳೆ ಬೆಳಿಗ್ಗೆಯೇ ಸರ್ಜನ್‌ಗೆ ಫೋನ್ ಮಾಡಿ ಕೇಳಿ. ನೀವೇ ಎಳೆದು ತೆಗೆಯಬೇಡಿ, ಒಳಗೆ ನೀರು ತುಂಬಿದ ಬಲೂನ್ ಇರುತ್ತದೆ.