ಹತ್ತು ನಿಮಿಷ ಅಂದಿದ್ದರು, ಮೂರು ನಿಮಿಷ ಕೊಟ್ಟರು

ಜೋಳದರೊಟ್ಟಿ (ವಿಜಯಪುರ) ಕೇಳಿದ್ದು:

ನಾನು ಇಲ್ಲೊಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಮೊನ್ನೆ ಶನಿವಾರ ಬಾಗಲಕೋಟೆ ಕಡೆ ಒಂದು ವಿಚಾರ ಸಂಕಿರಣಕ್ಕೆ ಹೋಗಿ ಬಂದೆ. ಇನ್ನೂ ಸಿಟ್ಟು ಇಳಿದಿಲ್ಲ. ಹತ್ತು ನಿಮಿಷಕ್ಕೆಂದು ಬರೆದುಕೊಂಡು ಹೋದ ಪ್ರಬಂಧವನ್ನು ನಿಂತ ನಿಲುವಿನಲ್ಲೇ ಮೂರು ನಿಮಿಷಕ್ಕೆ ಇಳಿಸೋದು ಹೇಗೆ? ಯಾರಿಗಾದರೂ ಈ ವಿದ್ಯೆ ಬರುತ್ತದಾ?

ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟನೆ ಹತ್ತಕ್ಕೆ ಎಂದಿತ್ತು. ನಸುಕಿನ ಬಸ್ಸು ಹಿಡಿದು ಒಂಬತ್ತೂವರೆಗೇ ಹೋಗಿ ನಿಂತೆ. 700 ರೂಪಾಯಿ ಕಟ್ಟಿಸಿಕೊಂಡು ಒಂದು ಫೈಲು, ಊಟದ ಕೂಪನ್ನು, ಬರೆಯದ ಪೆನ್ನು ಕೊಟ್ಟರು. ಉದ್ಘಾಟಕರು ಬಂದಾಗ ಹನ್ನೊಂದೂಕಾಲು. ಪ್ರಾರ್ಥನೆ, ನಾಡಗೀತೆ, ಸಸಿಗೆ ನೀರು, ಶಾಲು, ಹಣ್ಣಿನ ಬುಟ್ಟಿ. ವೇದಿಕೆ ಮೇಲೆ ಹದಿನಾಲ್ಕು ಜನ. ಎಣಿಸಿದ್ದೇನೆ, ಬೇರೆ ಕೆಲಸ ಏನಿತ್ತು? ನಮ್ಮ ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಅಂತಾರೆ. ಅಲ್ಲೂ ಹಾಗೇ ಆಯಿತು. ಸ್ವಾಗತದಲ್ಲಿ ಹೇಳಿದ್ದನ್ನೇ ಪ್ರಾಸ್ತಾವಿಕದಲ್ಲಿ, ಅದನ್ನೇ ಉದ್ಘಾಟನೆಯಲ್ಲಿ, ಅದನ್ನೇ ಅಧ್ಯಕ್ಷೀಯ ಭಾಷಣದಲ್ಲಿ. ಗುಮ್ಮಟದಲ್ಲಾದರೆ ಸದ್ದು ಬರಬರುತ್ತಾ ಸಣ್ಣದಾಗುತ್ತದೆ. ಇಲ್ಲಿ ಜಾಸ್ತಿ ಆಗುತ್ತಾ ಹೋಯಿತು.

ನನ್ನದು ಊಟದ ಮೇಲಿನ ಗೋಷ್ಠಿ. ಮಂಡಿಸುವವರು ಹನ್ನೊಂದು ಜನ, ಕೇಳುವವರೂ ಅವರೇ. ಒಬ್ಬೊಬ್ಬರೂ ಓದಿ ಮುಗಿಸಿ, ಪ್ರಮಾಣಪತ್ರ ಇಸಿದುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ಒಂಬತ್ತನೆಯವಳಾಗಿ ನಾನು ಎದ್ದಾಗ ಎದುರಿಗೆ ಇಬ್ಬರು, ಮೈಕ್ ಹಿಡಿದ ಒಬ್ಬ ಹುಡುಗಿ, ಅರೆನಿದ್ದೆಯಲ್ಲಿದ್ದ ಗೋಷ್ಠಿಯ ಅಧ್ಯಕ್ಷರು.

ವಿಷಯ ಇಳಕಲ್ ಸೀರೆಯ ನೇಕಾರಿಕೆ ಪದಗಳು. ಎರಡು ತಿಂಗಳ ಕೆಲಸ. ಟೈಪ್ ಮಾಡಿದ್ದು ನುಡಿ ತಂತ್ರಾಂಶದಲ್ಲಿ, ಅವರ ಕಂಪ್ಯೂಟರಿನಲ್ಲಿ ನುಡಿ ಇಲ್ಲ. 'ಕೊಂಡಿ' ಇರಬೇಕಾದ ಕಡೆ ಪರದೆಯ ಮೇಲೆ ಏನೇನೋ ಇಂಗ್ಲಿಷ್ ಅಕ್ಷರ, ಒಂದರ ತಲೆಗೊಂದು ಗೀಟು. ಹೋಗಲಿ ಎಂದು ಬಾಯಲ್ಲೇ ಶುರು ಮಾಡಿದೆ. ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ, ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಸೇರಿಸುವುದೇ ಕೊಂಡಿ ಅನ್ನುವಷ್ಟರಲ್ಲಿ ಚೀಟಿ ಬಂತು. 'ಉಪಸಂಹಾರಕ್ಕೆ ಬನ್ನಿ.' ಇದೇ ಅಧ್ಯಕ್ಷರು ಗೋಷ್ಠಿಯ ಮೊದಲಿಗೆ, ಸಮಯ ಪಾಲನೆ ಮಾಡಿ ಎಂದು ಹೇಳಲು ಇಪ್ಪತ್ತೈದು ನಿಮಿಷ ತೆಗೆದುಕೊಂಡಿದ್ದರು.

ಹಳೇಮಾಸ್ತರ (ಬೆಳಗಾವಿ):

ತಂಗಿ, ಮೂವತ್ತು ವರ್ಷ ಇದನ್ನೇ ಅನುಭವಿಸಿ ನಿವೃತ್ತನಾದವ ನಾನು. ಮೊದಲು ವಿದ್ಯೆ ಹೇಳುತ್ತೇನೆ. ಕೊನೆಯ ಪ್ಯಾರಾದಿಂದ ಶುರು ಮಾಡು. ನೀನು ಹೊಸದಾಗಿ ಏನು ಕಂಡುಕೊಂಡೆ ಅನ್ನುವುದು ಮೊದಲ ನಿಮಿಷದಲ್ಲೇ ಬಂದುಬಿಡಲಿ. ಪೀಠಿಕೆ ಯಾರಿಗೂ ಬೇಡ. ಚೀಟಿ ಬಂದರೆ ಬರಲಿ, ನಿನ್ನ ಕೆಲಸ ಆಗಿರುತ್ತದೆ. ಇನ್ನು ನುಡಿಯದ್ದು: ಯಾವ ಕಂಪ್ಯೂಟರಿನಲ್ಲೂ ಕಾಣುವ ಯೂನಿಕೋಡಿಗೆ ಬದಲಾಯಿಸು, ಇಲ್ಲವೇ ಪಿಡಿಎಫ್ ಮಾಡಿ ಒಯ್ಯಿ.

ಇಷ್ಟು ಜಾತ್ರೆ ಯಾಕೆ ಅಂದರೆ, ಅಧ್ಯಾಪಕರ ನೇಮಕಾತಿ, ಬಡ್ತಿಗೆ ಎಣಿಸುವ ಅಂಕದ ಲೆಕ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಪ್ರಬಂಧ ಮಂಡನೆಗೆ ರಾಜ್ಯಮಟ್ಟದ್ದಾದರೆ 2 ಅಂಕ, ರಾಷ್ಟ್ರಮಟ್ಟಕ್ಕೆ 3, ದೇಶದೊಳಗಿನ ಅಂತಾರಾಷ್ಟ್ರೀಯಕ್ಕೆ 5. ಎರಡರ ಬದಲು ಐದು ಸಿಗುವುದಾದರೆ ಯಾರು ಬಿಡುತ್ತಾರೆ? ದೂರದ ದೇಶದಲ್ಲಿರುವ ಒಬ್ಬರನ್ನು ಜೂಮ್‌ನಲ್ಲಿ ಕೂರಿಸಿ 'ಅಂತಾರಾಷ್ಟ್ರೀಯ' ಎಂದು ಬ್ಯಾನರ್ ಕಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರ ಧ್ವನಿ ಕಡೆತನಕ ಕೇಳಲಿಲ್ಲ. ನಾವು ಚಪ್ಪಾಳೆ ಹೊಡೆದೆವು.

ಸಂಶೋಧಕ_ಇನ್ನೂ (ಬಾಗಲಕೋಟೆ):

ಅಕ್ಕಾ, ಓದಿ ಓಡುವವರಲ್ಲಿ ನಾನೂ ಒಬ್ಬ, ಬೈಯಬೇಡಿ. 2016ರ ನಿಯಮದ ಪ್ರಕಾರ ಪಿಎಚ್‌ಡಿ ಮಹಾಪ್ರಬಂಧ ಸಲ್ಲಿಸುವ ಮೊದಲು ಎರಡು ಕಡೆ ಮಂಡಿಸಲೇಬೇಕಿತ್ತು. 2022ರಲ್ಲಿ ಯುಜಿಸಿ ಆ ಕಡ್ಡಾಯ ತೆಗೆದುಹಾಕಿತು. ನಮ್ಮ ಗೈಡ್ ತಲೆಯಿಂದ ಅದು ಇನ್ನೂ ಹೋಗಿಲ್ಲ. ಸಂಜೆ ಕೊನೆ ಬಸ್ಸು ತಪ್ಪಿದರೆ ಲಾಡ್ಜಿನ ದುಡ್ಡು ಯಾರು ಕೊಡುತ್ತಾರೆ ಹೇಳಿ.

ನನಗೆ ತಲೆ ಕೆಡಿಸುವುದು ಪ್ರಶ್ನೋತ್ತರ. 'ನನ್ನದು ಪ್ರಶ್ನೆಯಲ್ಲ, ಒಂದು ಅನಿಸಿಕೆ' ಎಂದು ಎದ್ದವರು ಕೂರುವುದೇ ಇಲ್ಲ. ಕಡೆಗೆ 'ನನ್ನ ಪುಸ್ತಕ ನೋಡಿಲ್ವಾ ನೀವು?' ನೋಡಿಲ್ಲ ಎಂದರೆ ಚೀಲದಿಂದ ತೆಗೆದು 200 ರೂಪಾಯಿ ಅನ್ನುತ್ತಾರೆ. ಮನೆಯಲ್ಲಿ ಮೂರು ಇವೆ.

ಸಂಚಾಲಕ (ಊರು ಬೇಡ):

ಸುಮ್ನೆ ಬೈಯುತ್ತೀರಿ, ನಮ್ಮ ಕಷ್ಟವನ್ನೂ ಕೇಳಿ. ಹದಿನಾಲ್ಕರಲ್ಲಿ ಒಬ್ಬರನ್ನು ಕರೆಯದಿದ್ದರೂ ಮರುದಿನ ಆಡಳಿತ ಮಂಡಳಿಯಿಂದ ಫೋನು. ಊಟದವರಿಗೆ ಮುಂಗಡ ಕೊಟ್ಟದ್ದು ನನ್ನ ಸಂಬಳದಿಂದ. ಮಂಜೂರಾದ ಹಣ ಬಂದದ್ದು ಏಳು ತಿಂಗಳಿಗೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಜಾಗದ ಗುರುತಿರುವ ಜಿಯೋಟ್ಯಾಗ್ ಫೋಟೊ ಬೇರೆ ಬೇಕು. ಸಭಾಂಗಣ ಖಾಲಿ ಕಾಣಬಾರದೆಂದು ಬಿಎ ಎರಡನೇ ಸೆಮಿಸ್ಟರಿನ ಮಕ್ಕಳನ್ನು ತಂದು ಕೂರಿಸಿದೆ, ಫೋಟೊ ಆದ ಕೂಡಲೇ ಹಿಂದಿನ ಬಾಗಿಲಿಂದ ಜಾರಿದರು. ಆದರೆ ಒಂದು ಮಾತು. ನಮ್ಮಲ್ಲಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಡಿಮೆ ಬಿದ್ದಿದ್ದು ಒಂದು ಸಲವೂ ಇಲ್ಲ.

ಜೋಳದರೊಟ್ಟಿ (ವಿಜಯಪುರ):

ಊಟದ ಬಗ್ಗೆ ತಕರಾರಿಲ್ಲ ಸರ್, ಹೋಳಿಗೆ ಎರಡು ತಿಂದೆ.

ಮಾಸ್ತರ ಸರ್, ಕೊನೆಯ ಪ್ಯಾರಾ ಮೊದಲು ಎಂದಿರಲ್ಲ, ಅಲ್ಲೇ ಸಿಕ್ಕಿಬಿದ್ದೆ ನೋಡಿ. ಒಂದು ಸಂಗತಿ ಮೇಲೆ ಬರೆದಿರಲಿಲ್ಲ. ಗೋಷ್ಠಿ ಮುಗಿದ ಮೇಲೆ ಮೈಕ್ ಹಿಡಿದಿದ್ದ ಆ ಹುಡುಗಿ ಬಾಗಿಲ ಹತ್ತಿರ ಕಾಯುತ್ತಿದ್ದಳು. 'ಮೇಡಂರೀ, ಕೊಂಡಿ ಹೆಂಗ ಹಾಕ್ತಾರ ಅನ್ನೋದು ನೀವು ಹೇಳಲೇ ಇಲ್ಲಲ್ರೀ. ನಮ್ಮವ್ವ ಬೆರಳಿಗೆ ಬೂದಿ ಹಚ್ಕೊಂಡು ತಿರುವ್ತಾಳ್ರೀ, ಇಲ್ಲಂದ್ರ ಎಳಿ ಜಾರತೈತಿ.' ತೋರುಬೆರಳು, ಹೆಬ್ಬೆರಳು ಸೇರಿಸಿ ಗಾಳಿಯಲ್ಲೇ ಒಂದು ಎಳೆ ತಿರುವಿ ತೋರಿಸಿದಳು. ಹದಿನೆಂಟು ಪುಟ ಬರೆದಿದ್ದೇನೆ, ಎಲ್ಲೂ ಬೂದಿ ಇಲ್ಲ. ನಾನು ನೋಡಿದ್ದೆಲ್ಲ ಪುಸ್ತಕ, ನಿಘಂಟು.

ಮುಂದಿನ ಭಾನುವಾರ ಅವರ ಮನೆಗೆ ಹೊರಟಿದ್ದೇನೆ. ಅವ್ವನಿಗೆ ಕೆಲಸ ಇರುತ್ತದೆ, ಮಧ್ಯಾಹ್ನದ ಮೇಲೆ ಬನ್ನಿ ಎಂದಿದ್ದಾಳೆ.

ಅಂದ ಹಾಗೆ ಪ್ರಮಾಣಪತ್ರ ಮನೆಗೆ ಬಂದು ನೋಡಿದರೆ ಹೆಸರು ನನ್ನದು, ಪ್ರಬಂಧದ ಶೀರ್ಷಿಕೆ ಬೇರೆಯವರದು, 'ಮಲಪ್ರಭಾ ನದಿ ತೀರದ ದೇವಾಲಯಗಳು'. ಬೆಳಗಾವಿಯಲ್ಲಿ ಇನ್ನೊಂದು ಸಂಕಿರಣ ಇದೆಯಂತೆ, ಪ್ರಬಂಧ ಕಳಿಸಲು ನಾಳೆಯೇ ಕಡೆಯ ದಿನ. ನುಡಿಯಿಂದ ಯೂನಿಕೋಡಿಗೆ ಬದಲಾಯಿಸುತ್ತಾ ಕೂತಿದ್ದೇನೆ, ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಒತ್ತು ಕೆಡದ ಹಾಗೆ ಬದಲಾಯಿಸುವ ದಾರಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.